ಲಾರಿಗೂ ಊರು ಕೇಳುತ್ತಿದ್ದವರು

ಕನ್ನಡದವರು ಇಬ್ಬರು ಎಲ್ಲಿ ಎದುರಾದರೂ, ಅದು ನ್ಯೂಜೆರ್ಸಿಯ ಐಸೆಲಿನ್‌ನ ತರಕಾರಿ ಅಂಗಡಿಯಾಗಲಿ, ನ್ಯೂವಾರ್ಕ್ ವಿಮಾನ ನಿಲ್ದಾಣದ ಸಾಲಾಗಲಿ, ಮೊದಲು ಬರುವ ಪ್ರಶ್ನೆ ಒಂದೇ: ಯಾವೂರು? ಕೆಲಸ, ವೀಸಾ, ಮಕ್ಕಳ ಕಾಲೇಜು ಎಲ್ಲ ಆಮೇಲೆ. ನಮ್ಮ ಊರಿನ ಅಂಕಲ್ ಒಬ್ಬರು ಈ ಪ್ರಶ್ನೆಯನ್ನು ಲಾರಿಗಳಿಗೂ ಕೇಳುತ್ತಿದ್ದರು. ಯಾರಾದರೂ ಮನೆಯ ಹಳೆಯ ಫೋಟೋ ತಂದು ಮುಂದಿಟ್ಟರೆ, ಕೊರಳಿಗೆ ನೇತುಹಾಕಿಕೊಂಡಿದ್ದ ಭೂತಗನ್ನಡಿ ಎತ್ತಿ, ಮೀಸೆ ತಿರುವಿಕೊಂಡು ನಿಂತ ಅಜ್ಜನನ್ನು ದಾಟಿ, ಅಜ್ಜನ ಹಿಂದಿದ್ದ ಮಿಲಿಟರಿ ಲಾರಿಯ ಚಕ್ರಕ್ಕೆ ಕಣ್ಣು ನೆಟ್ಟು, "ಯಾವೂರಪ್ಪಾ ನಿಂದು?" ಎನ್ನುವರು. ಸ್ವಲ್ಪ ಹೊತ್ತಿಗೆ ಲಾರಿಯೇ ಉತ್ತರ ಕೊಟ್ಟಂತೆ ತಲೆಯಾಡಿಸಿ, "ಮ್ಯಾಂಚೆಸ್ಟರ್‌ನವನು, ಪಾಪ ತುಂಬಾ ದೂರ ಬಂದಿದ್ದಾನೆ" ಎನ್ನುವರು. ಫೋಟೋ ತಂದವರಿಗೆ ಅಜ್ಜನ ಮೀಸೆಯ ಬಗ್ಗೆ ಒಂದು ಮಾತೂ ಸಿಗುತ್ತಿರಲಿಲ್ಲ.

ಎರಡು ಮಹಾಯುದ್ಧಗಳ ನಡುವಿನ ಬ್ರಿಟಿಷ್ ಸೈನ್ಯದ ಲಾರಿಗಳನ್ನು ಗುರುತಿಸುವುದು ಅವರ ಹುಚ್ಚು. ಹವ್ಯಾಸ ಎಂದರೆ ಅವರ ಹೆಂಡತಿ, ನಮ್ಮ ಆಂಟಿ, ಒಪ್ಪುವುದಿಲ್ಲ, ಹುಚ್ಚು ಎಂದೇ ಬರೆಯಬೇಕು. ತಯಾರಿಸಿದ ಕಂಪನಿಗಳ ಹೆಸರನ್ನು ಅವರು ಹೇಳುತ್ತಲೇ ಇರಲಿಲ್ಲ. ಕಾರ್ಖಾನೆ ಯಾವ ಊರಿನಲ್ಲಿತ್ತೋ ಅದೇ ಲಾರಿಯ ಹೆಸರು. ಗ್ಲಾಸ್ಗೋದವನು, ಬೇಸಿಂಗ್‌ಸ್ಟೋಕ್‌ನವನು, ಹಡರ್ಸ್‌ಫೀಲ್ಡ್‌ನವನು. ಬ್ರಿಟನ್ನಿಗೆ ಒಮ್ಮೆಯೂ ಹೋಗದ ನನಗೆ ಈ ಊರುಗಳೆಲ್ಲ ಮಂಡ್ಯ, ಮದ್ದೂರಿನಷ್ಟು ಸಲೀಸಾಗಿಬಿಟ್ಟಿವೆ. ಯುದ್ಧಕಾಲದ ಜೀಪನ್ನು ತೋರಿಸಿದರೆ, "ಇದು ಬಿಡಮ್ಮ, ಈಗಿನ ಕಾಲದ್ದು" ಎಂದು ಮುಖ ತಿರುಗಿಸುತ್ತಿದ್ದರು.

ಹಿಲ್ಸ್‌ಬರೋದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಮೂವತ್ತು ವರ್ಷ ಬಾಯ್ಲರ್ ಪೈಪುಗಳ ಡ್ರಾಯಿಂಗ್ ತಿದ್ದಿ ನಿವೃತ್ತರಾದ ಎಂಜಿನಿಯರ್. ನಮಗೆಲ್ಲ ಅವರು ಲಾರಿ ಅಂಕಲ್. ಕಳೆದ ಫಾಲ್‌ನಲ್ಲಿ, ಎಲೆ ಉದುರುವ ಕಾಲಕ್ಕೆ, ಎಂಬತ್ತೈದು ತುಂಬಿದ ಮೇಲೆ ತೀರಿಹೋದರು. ಹೆಸರು ಬರೆಯಬೇಡ ಎಂದು ಆಂಟಿ ಹೇಳಿದ್ದಾರೆ. ಧಾರವಾಡದವರು, ಅವರ ಮಾತು ಮೀರುವ ಧೈರ್ಯ ನನಗಿಲ್ಲ.

ನನಗೆ ಅವರ ಪರಿಚಯವಾದದ್ದು ಪಂಕ್ಚರ್‌ನಿಂದ. ಈ ಊರಿಗೆ ಬಂದ ಹೊಸದರಲ್ಲಿ ನನ್ನ ಕಾರು ಅವರ ಮನೆಯ ಮುಂದೆಯೇ ಕುಸಿದು ನಿಂತಿತು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಉಲನ್ ಟೋಪಿ ಹಾಕಿಕೊಂಡು ಹೊರಗೆ ಬಂದರು. ನನ್ನನ್ನು ನೋಡಲಿಲ್ಲ. ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, "ಐದೇ ನಟ್ಟು" ಎಂದರು, ಹೆಣ್ಣು ನೋಡಲು ಬಂದವರು ಸಾರಿಗೆ ಉಪ್ಪು ಕಮ್ಮಿ ಎಂದ ಹಾಗೆ. ಆಮೇಲೆ ತಲೆಯೆತ್ತಿ, "ಯಾವೂರಮ್ಮ?" ಎಂದರು. ಮೈಸೂರು ಅಂಕಲ್ ಎಂದೆ. ಕನ್ನಡದವಳೆಂದು ಹೇಗೆ ತಿಳಿಯಿತೆಂದು ಕೇಳಿದರೆ, ಫೋನಿನಲ್ಲಿ ಟೋ ಕಂಪನಿಯವನನ್ನು ಕಾಯುತ್ತಾ ನಾನು ಬೈದ ಬೈಗುಳ ಒಳಗಿನವರೆಗೂ ಕೇಳಿಸಿತಂತೆ. ಟೋ ಬರುವುದರೊಳಗೆ ಚಕ್ರ ಬದಲಾಗಿತ್ತು, ಆಂಟಿಯ ಮನೆಯಲ್ಲಿ ನನ್ನ ಅವಲಕ್ಕಿ ಮುಗಿದಿತ್ತು.

ಆ ದಿನವೇ ಅವರ ಮನೆಯ ಹಾಲ್‌ನಲ್ಲಿ ಆ ಮುಖ ನೋಡಿದೆ. ದೊಡ್ಡದು ಮಾಡಿಸಿದ ಕಪ್ಪು ಬಿಳುಪು ಫೋಟೋ. ಖಾಕಿ ಕೋಟು, ಅಗಲ ಹಣೆ, ನೇರ ಮೂಗು, ಕ್ಯಾಮೆರಾವನ್ನೇ ಗುರಿಯಿಟ್ಟು ನೋಡುವ ಕಣ್ಣು. "ಇವರು ನಮ್ಮ ತಂದೆ" ಎಂದರು. "ಮೂಗು ಥೇಟ್ ನಿಮ್ಮದೇ" ಎಂದೆ ನಾನು. ಎಲ್ಲರೂ ಹಾಗೇ ಹೇಳುತ್ತಾರೆಂದು ಸಂತೋಷಪಟ್ಟರು. ಅಲ್ಲಿಂದ ಆ ಮನೆಗೆ ಹೋದಾಗಲೆಲ್ಲ ನಾನು ಆ ಚಿತ್ರಕ್ಕೊಂದು ನಮಸ್ಕಾರ ಹಾಕುವುದು ರೂಢಿಯಾಯಿತು.

ಹುಚ್ಚಿನ ಮೂಲವೂ ಆ ಗೋಡೆಯೇ. ತಾಯಿ ಇವರಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ತೀರಿಕೊಂಡರು. ತಂದೆ ಸೈನ್ಯದಲ್ಲಿ ಮೆಕ್ಯಾನಿಕ್. ಬರ್ಮಾ ಕಡೆಗೆ ಹೋದವರು ಯುದ್ಧದಲ್ಲಿ ತೀರಿಕೊಂಡರೆಂಬ ಸುದ್ದಿ ಬಂದಾಗ ಇವರಿಗೆ ನಾಲ್ಕು. ಸಾಕಿದವರು ತಾಯಿಯ ಅಕ್ಕ, ದೊಡ್ಡಮ್ಮ. ಅವರು ತಂಗಿಯ ಗಂಡನನ್ನು ನೋಡಿದ್ದು ಮದುವೆಯ ದಿನ ಒಮ್ಮೆ, ಅದೂ ಬಾಸಿಂಗ ಕಟ್ಟಿಕೊಂಡಿದ್ದಾಗ. ಆಗಿನ ಹೆಂಗಸರು ಮೈದುನರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಅಂಕಲ್‌ಗೆ ಹತ್ತು ತುಂಬಿದ ದಿನ ದೊಡ್ಡಮ್ಮ ಟ್ರಂಕು ತೆಗೆದು ಎರಡು ವಸ್ತು ಕೊಟ್ಟರು: ಒಂದು ಫೋಟೋ, ಒಂದು ಕಾಗದ. ಫೋಟೋದಲ್ಲಿ ಒಂದು ಲಾರಿ, ಅದರ ಪಕ್ಕದಲ್ಲಿ ಸಾಲಾಗಿ ಹನ್ನೊಂದು ಜನ. ಕಾಗದ ತಂದೆ ತಾಯಿಗೆ ಬರೆದದ್ದು.

ಆ ಕಾಗದ ಅವರಿಗೆ ಬಾಯಿಪಾಠ. ನನಗೂ ಬಾಯಿಪಾಠವಾಯಿತು. "ನಮ್ಮ ಗಾಡಿಯ ಜೊತೆ ತೆಗೆಸಿಕೊಂಡ ಪಟ ಕಳಿಸಿದ್ದೇನೆ. ಪಟವನ್ನು ಎರಡು ಕೈಯಲ್ಲಿ ಹಿಡಿದುಕೋ. ನಿನ್ನ ಎಡಗೈ ಹೆಬ್ಬೆರಳು ಎಲ್ಲಿ ಬರುತ್ತದೋ ಅಲ್ಲಿ ನಿಂತವನು ನಾನು. ಮುಖ ಸರಿಯಾಗಿ ಬಂದಿಲ್ಲ, ನಗಬೇಡ." ಹೀಗೆ ಎಡತುದಿಯಲ್ಲಿ ನಿಂತಿದ್ದವರು ತಂದೆಯೆಂದು ಗೊತ್ತಾಗಿ, ಮೊದಲ ಸಂಬಳದಲ್ಲಿ ಆ ಮುಖವನ್ನಷ್ಟೇ ದೊಡ್ಡದು ಮಾಡಿಸಿದ್ದರು. "ಇಷ್ಟು ಲಕ್ಷಣವಾಗಿ ಬಂದಿದೆ, ಸರಿಯಾಗಿ ಬಂದಿಲ್ಲ ಅಂತ ಬರೀತಾರೆ ನೋಡು, ಎಷ್ಟು ನಾಚಿಕೆ" ಎಂದು ನಗುತ್ತಿದ್ದರು.

ಫೋಟೋದಲ್ಲಿ ಊರಿಲ್ಲ, ಇಸವಿಯಿಲ್ಲ. ಕಾಗದದಲ್ಲೂ ಇಲ್ಲ. ಲಾರಿ ಯಾವುದೆಂದು ಗೊತ್ತಾದರೆ ಅದು ಯಾವ ತುಕಡಿಗೆ ಹೋಗಿತ್ತು, ಸುಮಾರು ಯಾವ ಕಾಲದಲ್ಲಿ, ಎಲ್ಲಿ ಎಂದಷ್ಟಾದರೂ ತಿಳಿಯಬಹುದು. ಅಪ್ಪನ ಬಗ್ಗೆ ಇನ್ನೊಂದೇ ಒಂದು ಸಂಗತಿ ತಿಳಿಯಬೇಕೆಂದು ಈ ಮನುಷ್ಯ ಮ್ಯಾನ್‌ಹಟನ್‌ನ ಹಳೆ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿದ್ದರು, ನ್ಯೂಜೆರ್ಸಿಯ ಹಳ್ಳಿಗಳಲ್ಲಿ ಹಳೆಯ ಸೈನ್ಯದ ಗಾಡಿಗಳ ಸಂತೆ ನಡೆದರೆ ಮೊಸರನ್ನದ ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಬೇರೆಯವರ ಲಾರಿಗಳೆಲ್ಲ ಊರು ಹೇಳಿದವು. ಅಪ್ಪನ ಲಾರಿ ಮಾತ್ರ ಬಾಯಿ ಬಿಡಲಿಲ್ಲ.

ಬೇಸ್‌ಮೆಂಟಿನಲ್ಲಿ ಬಿಸ್ಕತ್ತಿನ ಡಬ್ಬಿಗಳ ತುಂಬ ಕಾರ್ಡುಗಳು. ಎಲ್ಲವೂ ಕನ್ನಡದಲ್ಲಿ, ಡ್ರಾಯಿಂಗ್ ಬರೆಯುವವರ ಗುಂಡು ಅಕ್ಷರ. ಊರು, ಕಾಲು, ಬೆನ್ನು, ಪಕ್ಕೆ ಎಂದು ನಾಲ್ಕು ಸಾಲು. ಕಾಲು ಎಂದರೆ ಚಕ್ರ, ಬೆನ್ನು ಎಂದರೆ ಹಿಂದಿನ ಅಚ್ಚು ಮತ್ತು ಸ್ಪ್ರಿಂಗು, ಪಕ್ಕೆ ಎಂದರೆ ಪೆಟ್ರೋಲ್ ಟ್ಯಾಂಕು, ಸಾಮಾನಿನ ಪೆಟ್ಟಿಗೆ ಯಾವ ಕಡೆಗಿದೆ ಎಂಬುದು. ಮುಖಕ್ಕೆ ಸಾಲೇ ಇರಲಿಲ್ಲ.

"ಮುಖ ನೋಡ್ಬೇಡ, ಕಾಲು ನೋಡು" ಎಂಬುದು ಅವರ ಮೊದಲ ಪಾಠ. ಲಾರಿಯ ಮುಖವೆಂದರೆ ರೇಡಿಯೇಟರ್. ಒಂದರದ್ದು ಕೆಟ್ಟರೆ ವರ್ಕ್‌ಶಾಪಿನಲ್ಲಿ ಇನ್ನೊಂದರದ್ದು ಕೂರಿಸಿಬಿಡುತ್ತಿದ್ದರಂತೆ. "ಹೋಲಿಕೆ ಹುಡುಕೋಕೆ ಹೊರಟ್ರೆ ಸಿಕ್ಕೇ ಸಿಗುತ್ತಮ್ಮ. ನಟ್ಟು ಎಣಿಸು. ನಟ್ಟು ನಿನ್ನನ್ನ ಖುಷಿಪಡಿಸೋಕೆ ನಿಂತಿರಲ್ಲ."

ಆರು ಚಕ್ರದ ಲಾರಿಗಳು ಅವರಿಗೆ ಪ್ರಾಣ, ಅವೇ ಅವರಿಗೆ ಪೀಡೆ. ಶಾಂತಿಯ ಕಾಲದಲ್ಲಿ ಬೇಕಾದಷ್ಟು ಲಾರಿ ಸಾಕುವುದು ಬ್ರಿಟಿಷ್ ಸೈನ್ಯಕ್ಕೆ ಆಗುತ್ತಿರಲಿಲ್ಲ. ಸೈನ್ಯ ಒಪ್ಪಿದ ನಮೂನೆಯ ಲಾರಿ ಕೊಂಡ ವ್ಯಾಪಾರಿಗಳಿಗೆ ಸರ್ಕಾರ ಸಹಾಯಧನ ಕೊಡುತ್ತಿತ್ತು, ಯುದ್ಧ ಬಂದರೆ ಲಾರಿ ಸೈನ್ಯಕ್ಕೆ ಎಂಬ ಕರಾರಿನ ಮೇಲೆ. ಹಾಗಾಗಿ ಬೇರೆ ಬೇರೆ ಊರಿನ ಕಾರ್ಖಾನೆಗಳು ಹಿಂದಿನ ನಾಲ್ಕು ಚಕ್ರದ ಭಾಗವನ್ನು ಒಂದೇ ನಮೂನೆಯಲ್ಲಿ ಮಾಡತೊಡಗಿದವು. ಬೆನ್ನು ನೋಡಿದರೆ ಎಲ್ಲರೂ ಅಣ್ಣತಮ್ಮಂದಿರು. ಅಪ್ಪನ ಫೋಟೋದಲ್ಲಿ ಕಾಣುತ್ತಿದ್ದುದು ಅದೇ ಬೆನ್ನು. ಮೂತಿಯನ್ನೂ ಮುಂದಿನ ಚಕ್ರವನ್ನೂ ಜನ ಮರೆಮಾಡಿದ್ದರು. ಉಳಿದದ್ದು ಪಕ್ಕೆ, ಆದರೆ ಪೆಟ್ಟಿಗೆ, ಟ್ಯಾಂಕು ಎಡಗಡೆ ಇರುವ ಆ ಥರದ ಲಾರಿ ಅವರ ನಾನೂರು ಕಾರ್ಡಿನಲ್ಲಿ ಒಂದೂ ಇರಲಿಲ್ಲ.

ಆಂಟಿ ಮೇಲಿನಿಂದ ಕೂಗುವರು: "ಏನ್ರೀ, ಆ ಗಾಲಿ ಬಿಟ್ಟು ಉಣ್ಣಲಿಕ್ಕೆ ಬರ್ತೀರೋ ಇಲ್ಲೋ?" ನನ್ನ ಕಡೆ ತಿರುಗಿ, "ನೋಡವಾ, ನಾ ಲಗ್ನ ಆಗಿದ್ದು ಎಂಜಿನಿಯರನ್ನ. ಮನಿಗೆ ಬಂದು ನೋಡಿದ್ರ ಗ್ಯಾರೇಜು" ಎನ್ನುವರು.

ಒಂದು ಶನಿವಾರ ಐಸೆಲಿನ್‌ಗೆ ಮೂವರೂ ಹೋಗಿದ್ದೆವು. ಆಂಟಿ ಮತ್ತು ನಾನು ಎಳೆ ಬದನೆಕಾಯಿ ಆರಿಸುತ್ತಿದ್ದಾಗ ಹೊರಗೆ ಗದ್ದಲ. ಅಂಗಡಿಗೆ ಅಕ್ಕಿಮೂಟೆ ತಂದಿದ್ದ ಟ್ರಕ್ಕಿನ ಕೆಳಗೆ ಅಂಕಲ್ ಬಗ್ಗಿ, ಭೂತಗನ್ನಡಿ ಹಿಡಿದು, ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಾರೆ. ಸರ್ಕಾರದ ಇನ್‌ಸ್ಪೆಕ್ಟರ್ ಎಂದುಕೊಂಡ ಡ್ರೈವರ್ ಲೈಸೆನ್ಸು, ಇನ್ಶೂರೆನ್ಸು ಎಲ್ಲ ತಂದು ಕೈಗಿತ್ತು, ನಮ್ರನಾಗಿ ನಿಂತಿದ್ದಾನೆ. ಅಂಕಲ್ ಕಾಗದಗಳನ್ನು ನೋಡದೆ ವಾಪಸ್ ಕೊಟ್ಟು, ಒಂದು ನಟ್ಟು ಸಡಿಲವಾಗಿದೆ, ಬಿಗಿ ಮಾಡಿಸಪ್ಪ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಡ್ರೈವರ್ ಬಿಗಿ ಮಾಡಿ, ಇವರಿಗೆ ಒಂದು ಎಳನೀರು ಕೊಡಿಸಿ ಹೋದ.

ಎಲ್ಲ ಸಲವೂ ಎಳನೀರು ಸಿಗುತ್ತಿರಲಿಲ್ಲ. ಒಂದು ಸಂಕ್ರಾಂತಿಗೆ ಶಾಲೆಯೊಂದರ ಕೆಫೆಟೇರಿಯಾದಲ್ಲಿ ನಾವು ಕನ್ನಡದವರು ಸೇರಿದ್ದೆವು. ಡಾಕ್ಟರೊಬ್ಬರು ತಮ್ಮ ಮುತ್ತಜ್ಜನ ಫೋಟೋಗೆ ಚೌಕಟ್ಟು ಹಾಕಿಸಿ ತಂದು, ಮೊದಲನೇ ಮಹಾಯುದ್ಧದಲ್ಲಿ ಹೋರಾಡಿದವರು ಎಂದು ಎಲ್ಲರಿಗೂ ತೋರಿಸುತ್ತಿದ್ದರು. ಅಂಕಲ್ ಬಳಿಗೂ ಬಂತು. ಅವರು ಭೂತಗನ್ನಡಿ ಎತ್ತಿದ್ದು ಕಂಡು ಆಂಟಿ ದೂರದಿಂದಲೇ ಬೇಡ ಎಂದು ಕೈಯಾಡಿಸಿದರು. ಆಗಲೇ ತಡವಾಗಿತ್ತು.

"ವುಲ್ವರ್‌ಹ್ಯಾಂಪ್ಟನ್‌ನವನು ಇವನು" ಎಂದರು ಅಂಕಲ್. "ಹಿಂದೆ ನಾಲ್ಕು ಚಕ್ರ ಇದೆ ನೋಡಿ ಡಾಕ್ಟ್ರೇ. ಮೊದಲನೇ ಯುದ್ಧ ಮುಗಿಯೋವಾಗ ಇವನು ಇನ್ನೂ ಹುಟ್ಟೇ ಇರಲಿಲ್ಲ."

"ಅಂಕಲ್, ಇದು ನಮ್ಮ ಫ್ಯಾಮಿಲಿ ಹಿಸ್ಟರಿ. ಅವರ ಮಗ ನಮ್ ತಾತ ಸುಳ್ಳು ಹೇಳಿದ್ರು ಅಂತೀರಾ?"

"ತಾತನ ವಿಷಯ ನನಗೆ ಗೊತ್ತಿಲ್ಲ. ಗಾಡಿ ಸುಳ್ಳು ಹೇಳಲ್ಲ."

ಡಾಕ್ಟರು ಬಿಸಿಬೇಳೆಬಾತ್ ತಿನ್ನದೆ ಹೊರಟುಹೋದರು. ಕಾರಿನಲ್ಲಿ ಆಂಟಿಯ ಮಂಗಳಾರತಿ ಹಿಲ್ಸ್‌ಬರೋ ತಲುಪುವ ತನಕ ನಡೆಯಿತು. "ಒಂದ್ ಮಾತು ಹೌದ್ರೀ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ನಾನೂ ಆಂಟಿಯ ಪಕ್ಷವೇ. ಅವರು ಕಿಟಕಿಯ ಹೊರಗೆ ನೋಡುತ್ತಾ, "ಇಷ್ಟಪಟ್ಟು ನಂಬಿರೋದನ್ನ ಕಿತ್ತುಕೊಂಡ್ರೆ ನೋವಾಗುತ್ತೆ, ನನಗೂ ಗೊತ್ತು. ಆದರೆ ನನ್ನನ್ನ ಕೇಳಿದ ಮೇಲೆ ಏನು ಮಾಡ್ಲಿ?" ಎಂದರು. ಆ ಮಾತು ಅವರಿಗೇ ಒಂದು ದಿನ ಬಂದು ತಟ್ಟಬಹುದೆಂದು ಯಾರಿಗೆ ತಾನೆ ಹೊಳೆದೀತು?

ನಾಲ್ಕು ವರ್ಷದ ಹಿಂದೆ ನಮ್ಮ ಅಮ್ಮ ಮೈಸೂರಿನಿಂದ ಆರು ತಿಂಗಳಿಗೆಂದು ಬಂದರು. ಅಮ್ಮನಿಗೆ ಇಲ್ಲಿನ ರಸ್ತೆಯೆಂದರೆ ಪ್ರಾಣಸಂಕಟ. ಎದುರಿನ ಗಾಡಿಗಳೆಲ್ಲ ತಪ್ಪು ಕಡೆಯಿಂದ ಬರುತ್ತಿವೆ ಎಂದು ಕಣ್ಣು ಮುಚ್ಚಿ ಕೂರುವರು. ಪ್ರತಿ ಸಲ ಕಾರು ಹತ್ತಲು ಹೋದಾಗಲೂ ನನ್ನ ಬಾಗಿಲಿಗೇ ಹೋಗಿ ನಿಲ್ಲುವರು. ಊರಿಂದ ಬಂದ ಅಪ್ಪ ಅಮ್ಮಂದಿರು ಎಲ್ಲರೂ ಮಾಡುವ ತಪ್ಪೇ ಇದು. "ಸರಿ, ನೀನೇ ಡ್ರೈವ್ ಮಾಡಮ್ಮ" ಎಂದು ನಾನು ಕೀಲಿಕೈ ಚಾಚಿದರೆ, "ಥೂ, ಎಡಗಡೆ ಸ್ಟೇರಿಂಗ್ ಇಟ್ಕೊಂಡು ಇದೂ ಒಂದು ದೇಶಾನಾ" ಎಂದು ಗೊಣಗುತ್ತಾ ಆ ಕಡೆಗೆ ಸುತ್ತಿ ಬರುವರು.

ಒಂದು ಭಾನುವಾರ ಅಮ್ಮನನ್ನು ಅವರ ಮನೆಗೆ ಊಟಕ್ಕೆ ಕರೆದೊಯ್ದೆ. ಆಂಟಿ ಜೋಳದ ರೊಟ್ಟಿ ಮಾಡಿದ್ದರು. ಊಟವಾದ ಮೇಲೆ ಅಂಕಲ್ ಅಪರೂಪಕ್ಕೆ ಅಪ್ಪನ ಇಡೀ ಫೋಟೋವನ್ನೇ ತಂದು ಅಮ್ಮನ ಕೈಗಿತ್ತರು. ಸಾಮಾನ್ಯವಾಗಿ ಅದು ಬೀರುವಿನಿಂದ ಹೊರಗೆ ಬರುತ್ತಿರಲಿಲ್ಲ. ನಾನೇ ನೋಡಿದ್ದು ಎರಡು ಮೂರು ಸಲ. ಅಮ್ಮ ಕನ್ನಡಕ ಏರಿಸಿ ನೋಡಿದರು. ಲಾರಿಯ ಮೂತಿ ಎಡಕ್ಕೆ. ಪಕ್ಕದಲ್ಲಿ ಹನ್ನೊಂದು ಜನ. ಅವರ ತಲೆಯ ಮೇಲೆ, ಲಾರಿಯ ಕಿಟಕಿಯಿಂದ, ಡ್ರೈವರ್ ಮೊಣಕೈ ಹೊರಗಿಟ್ಟುಕೊಂಡು ಕೂತಿದ್ದಾನೆ.

"ಅಯ್ಯೋ, ಇವನೂ ಇಲ್ಲಿಯವರ ಥರಾನೇ ಎಡಗಡೆ ಕೂತು ಓಡಿಸ್ತಾನಲ್ಲ" ಎಂದರು ಅಮ್ಮ. "ಇದು ನಮ್ಮ ದೇಶದ ಫೋಟೋ ಅಂದ್ರಿ?"

ಅಂಕಲ್ ಕೈಯಲ್ಲಿದ್ದ ಮಜ್ಜಿಗೆ ಲೋಟ ಹಾಗೇ ನಿಂತಿತು.

ಬ್ರಿಟಿಷರ ಲಾರಿಗೆ ಸ್ಟೇರಿಂಗ್ ಬಲಗಡೆ. ಇದು ಹೆಬ್ಬೆಟ್ಟಿನವನಿಗೂ ಗೊತ್ತು. ಆದರೆ ಅಂಕಲ್ ಇಪ್ಪತ್ತನಾಲ್ಕಕ್ಕೆ ಅಮೆರಿಕಕ್ಕೆ ಬಂದು ಇಲ್ಲೇ ಡ್ರೈವಿಂಗ್ ಕಲಿತವರು; ಊರಿನಲ್ಲಿ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ. ಐವತ್ತು ವರ್ಷ ತಾವೂ ಎಡಗಡೆಯ ಕಿಟಕಿಗೆ ಮೊಣಕೈ ಇಟ್ಟುಕೊಂಡು ಓಡಿಸಿ, ಆ ಮೊಣಕೈಯಲ್ಲಿ ಅವರಿಗೆ ವಿಚಿತ್ರವೇನೂ ಕಂಡಿರಲಿಲ್ಲ. ದಿನವೂ ಹೈವೇಯಲ್ಲಿ ಒಂದೂವರೆ ಗಂಟೆ ಕಮ್ಯೂಟ್ ಮಾಡುವ ನನಗೂ ಕಂಡಿರಲಿಲ್ಲ. ಊರಿನ ರಸ್ತೆಯನ್ನು ಇನ್ನೂ ಮೈಯಲ್ಲಿಟ್ಟುಕೊಂಡ ಅಮ್ಮನಿಗೆ ಒಂದು ನಿಮಿಷ ಸಾಕಾಯಿತು.

ಅಂಕಲ್ ಭೂತಗನ್ನಡಿ ಹಿಡಿದು ಆ ಹನ್ನೊಂದು ಜನರ ಕೋಟುಗಳನ್ನು ಒಂದೊಂದಾಗಿ ನೋಡಿದರು. "ಗುಂಡಿ ಎಲ್ಲಾ ಹೆಂಗಸರ ಕೋಟಿನ ಥರ ಆ ಕಡೆಗಿದೆ" ಎಂದರು ಮೆಲ್ಲಗೆ. "ಅಷ್ಟು ವರ್ಷ ಚಕ್ರ ನೋಡಿದೆ. ಮನುಷ್ಯರ ಗುಂಡಿ ನೋಡ್ಲೇ ಇಲ್ಲ. ಈ ಪ್ರಿಂಟು ತಿರುವುಮುರುವಾಗಿದೆಯಮ್ಮ." ಆಗ ನೆನಪಾಯಿತು ಅವರಿಗೆ: ಇದು ತಂದೆ ಕಳಿಸಿದ ಪಟವೇ ಅಲ್ಲ. ಅದು ಹಾಳಾಗುತ್ತಿದೆಯೆಂದು ದೊಡ್ಡಮ್ಮ ಯಾವುದೋ ಸ್ಟುಡಿಯೋಗೆ ಕೊಟ್ಟು ಕಾಪಿ ತೆಗೆಸಿದ್ದರು. ಕಾಪಿ ಬಂತು, ಮೂಲ ವಾಪಸ್ಸು ಬರಲಿಲ್ಲ. ಸ್ಟುಡಿಯೋದವನು ನೆಗೆಟಿವ್ವನ್ನು ಹಿಂದುಮುಂದಾಗಿ ಇಟ್ಟು ಪ್ರಿಂಟು ಹಾಕಿದ್ದ.

ನಾನು ಫೋನಿನಲ್ಲಿ ಆ ಫೋಟೋ ತೆಗೆದು, ಎಡಬಲ ತಿರುಗಿಸಿ, ಅವರ ಮುಂದೆ ಹಿಡಿದೆ. ಲಾರಿಯ ಮೂತಿ ಈಗ ಬಲಕ್ಕೆ. ಪೆಟ್ಟಿಗೆ, ಟ್ಯಾಂಕು ಎಲ್ಲವೂ ಬಲಪಕ್ಕೆಗೆ. ಅವರು ಭೂತಗನ್ನಡಿಯನ್ನೂ ಎತ್ತಲಿಲ್ಲ.

"ಬೇಸಿಂಗ್‌ಸ್ಟೋಕ್!" ಎಂದು ಕೂಗಿದರು. "ಸಿಕ್ಕಿದ! ಎಲಾ ಇವನ! ಇಷ್ಟು ವರ್ಷ ಬೆನ್ನು ತಿರುಗಿಸಿಕೊಂಡು ನಿಂತಿದ್ದೆಯಾ?" ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅಮ್ಮನಿಗೆ ಕೈಮುಗಿದರು. ಎಂಬತ್ತೊಂದು ವರ್ಷದ ಮನುಷ್ಯ ಹಾಗೆ ಕುಣಿದದ್ದನ್ನು ನಾನು ನೋಡಿರಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ.

ಆಂಟಿ ಮಾತ್ರ ತಟ್ಟಲಿಲ್ಲ. ಅವರು ಗೋಡೆಯನ್ನು ನೋಡುತ್ತಿದ್ದರು. ಆಮೇಲೆ ಅಂಕಲ್ ಕೂಡ ಅತ್ತ ನೋಡಿದರು. ಪ್ರಿಂಟು ತಿರುವುಮುರುವಾಗಿದ್ದರೆ ಎಡತುದಿಯಲ್ಲಿದ್ದವರು ಬಲತುದಿಯವರು. ತಾಯಿಯ ಎಡಗೈ ಹೆಬ್ಬೆರಳು ಬಂದ ಜಾಗದಲ್ಲಿ ನಿಂತಿದ್ದವರು ಬೇರೆ ಯಾರೋ. ಗೋಡೆಯ ಮೇಲಿದ್ದ ಅಗಲ ಹಣೆಯ, ನೇರ ಮೂಗಿನ ಮನುಷ್ಯ ಅಪ್ಪನಲ್ಲ.

ಅವರು ಫೋನು ಈಸಿಕೊಂಡು ಈಗ ಎಡತುದಿಗೆ ಬಂದವರನ್ನು ನೋಡಿದರು. ಕುಳ್ಳಗಿನ ಆಸಾಮಿ. ಉಳಿದ ಹತ್ತು ಜನ ಕ್ಯಾಮೆರಾ ನೋಡುತ್ತಿದ್ದರೆ, ಇವರು ಸರಿಯಾಗಿ ಆ ಕ್ಷಣಕ್ಕೆ ಲಾರಿಯ ಹಿಂದಿನ ಚಕ್ರದ ಕಡೆ ತಿರುಗಿದ್ದಾರೆ. ಕಿವಿ ಕಾಣುತ್ತದೆ, ಮುಖ ಕಲಸಿಹೋಗಿದೆ.

ಆಂಟಿ ರೊಟ್ಟಿಯ ಬುಟ್ಟಿ ಮುಚ್ಚಿದರು. ನಾವು ಬೇಗನೆ ಹೊರಟೆವು. ಕಾರಿನಲ್ಲಿ ಅಮ್ಮ ಅಳುತ್ತಿದ್ದರು. "ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಎಂಬತ್ತರ ವಯಸ್ಸಲ್ಲಿ ಅವರನ್ನ ಮತ್ತೆ ತಬ್ಬಲಿ ಮಾಡಿಬಿಟ್ನಲ್ಲೇ."

ಎರಡು ವಾರ ಅವರು ಫೋನು ಎತ್ತಲಿಲ್ಲ. ನನಗೂ ಸಂಕಟ. ಕೊನೆಗೆ ಒಂದು ಉಪಾಯ ಹೊಳೆದು ಓಡಿದೆ. ಹಾಲ್‌ನಲ್ಲಿ ಆ ಫೋಟೋ ಇನ್ನೂ ಗೋಡೆಯ ಮೇಲೇ ಇತ್ತು, ಅವರು ಅದರ ಎದುರಿಗೆ ಕೂತಿದ್ದರು.

"ಅಂಕಲ್, ನಿಮ್ಮ ತಂದೆ ಕಳಿಸಿದ ಫೋಟೋನೇ ತಿರುವುಮುರುವಾಗಿ ಪ್ರಿಂಟ್ ಆಗಿದ್ದಿರಬಹುದು ಅಲ್ವಾ? ಆಗ ಎಡಗಡೆಯವರು ಇವರೇ ಆಗ್ತಾರೆ. ಪಾಸಿಬಲ್ ತಾನೇ?"

ಅವರು ನನ್ನನ್ನು ತುಂಬ ಪ್ರೀತಿಯಿಂದ ನೋಡಿದರು. "ನಾನೂ ಮೊದಲ ದಿನಾನೇ ಹಾಗೆ ಯೋಚನೆ ಮಾಡ್ದೆ ಕಣಮ್ಮ. ಆದರೆ ಕಾಗದದಲ್ಲಿ ಕೊನೇ ಸಾಲು ಏನು? ಮುಖ ಸರಿಯಾಗಿ ಬಂದಿಲ್ಲ, ನಗಬೇಡ." ಗೋಡೆಯ ಕಡೆ ಕೈ ತೋರಿಸಿದರು. "ಈ ಮುಖಕ್ಕೆ ಏನಾಗಿದೆ ಹೇಳು? ಕಾಗದ ನೆಟ್ಟಗೇ ಹೇಳಿತ್ತು. ನ್ಯೂಜೆರ್ಸಿಯಲ್ಲಿ ಸಿಕ್ಕಿದವರಿಗೆಲ್ಲ ಮುಖ ನಂಬಬೇಡಿ ಅಂತ ಪಾಠ ಹೇಳ್ಕೊಂಡು, ನಾನು ಎಪ್ಪತ್ತು ವರ್ಷ ಇನ್ನೊಬ್ಬರ ಮೂಗನ್ನ ಕನ್ನಡೀಲಿ ನೋಡಿಕೊಂಡೆ."

ಆ ಮೂಗನ್ನು ಹೊಗಳಿದವರಲ್ಲಿ ನಾನೂ ಒಬ್ಬಳು.

"ಪ್ರತಿ ವರ್ಷ ಪಿತೃಪಕ್ಷದಲ್ಲಿ ಇವರ ಮುಂದೆ ಕೂತು ತರ್ಪಣ ಬಿಟ್ಟಿದ್ದೀನಿ" ಎಂದರು. "ನಮ್ಮಪ್ಪನಿಗೆ ಒಂದು ಹನಿ ನೀರೂ ಮುಟ್ಟಲಿಲ್ಲವಲ್ಲ."

ಅಡುಗೆಮನೆಯಿಂದ ಆಂಟಿ ಕೈ ಒರೆಸಿಕೊಳ್ಳುತ್ತಾ ಬಂದರು. ಬಾಯಿ ಮಾಡುವ ಆಂಟಿ ಆವತ್ತು ದನಿ ಏರಿಸಲಿಲ್ಲ.

"ತರ್ಪಣ ಬಿಡೂಮುಂದ ಏನಂತೀರಿ? ಗೋತ್ರ ಅಂತೀರಿ, ಹೆಸರು ಅಂತೀರಿ. ಮಾರಿ ತೋರಸ್ತೀರೇನು? ಹೆಸರು ನಿಮ್ಮ ಅಪ್ಪನದೇ ಹೇಳೀರಲ್ಲ. ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟೇದ. ಸುಮ್ನ ಯಾಕ ಕೊರಗ್ತೀರಿ?"

ಅಂಕಲ್ ನಿಧಾನವಾಗಿ ಅಳತೊಡಗಿದರು, ಮಗು ಅತ್ತ ಹಾಗೆ, ಸದ್ದು ಮಾಡಿ. ಆಂಟಿ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿದೆ.

ತಿರುಗಿಸಿದ ಫೋಟೋವನ್ನು, ಇಲ್ಲಿ ಫೋಟೋ ಕೆಲಸವನ್ನೂ ಮಾಡುವ ಔಷಧಿ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ ಕೊಟ್ಟೆ. ಎರಡು ಕೈಯಲ್ಲೂ ಹಿಡಿದುಕೊಂಡರು. ಎಡಗೈ ಹೆಬ್ಬೆರಳು ಹೋಗಿ ಆ ಕುಳ್ಳ ಮನುಷ್ಯನ ಬೂಟಿನ ಪಕ್ಕ ನಿಂತಿತು. "ಮುಖ ಕಾಣಲ್ಲ" ಎಂದರು. "ಪರವಾಗಿಲ್ಲ. ಏನು ನೋಡ್ತಿದ್ದಾರೆ ಅಂತ ಗೊತ್ತಾಯ್ತಲ್ಲ." ಡಾಕ್ಟರಿಗೂ ಫೋನು ಮಾಡಿ ಕ್ಷಮೆ ಕೇಳಿದರಂತೆ. ಲಾರಿಯ ಊರು ಹೇಳಿದ್ದಕ್ಕಲ್ಲ. ಜನರ ಮುಂದೆ ಹೇಳಿದ್ದಕ್ಕೆ.

ಹೊಸ ಫೋಟೋ ಗೋಡೆಗೇರಿತು. ಹಳೆಯದು ಇಳಿಯಲಿಲ್ಲ. ಅದನ್ನು ತೆಗೆದು ಒಳಗಿಡೋಣವೇ ಎಂದು ನಾನೇ ಕೇಳಿದೆ. "ಎಲ್ಲಿಗೆ ಕಳಿಸ್ಲಿ ಇವರನ್ನ?" ಎಂದರು. "ಪರೀಕ್ಷೆಗೆ ಹೋಗೋವಾಗ ನಮಸ್ಕಾರ ಮಾಡಿದ್ದು ಇವರಿಗೆ. ಏರೋಪ್ಲೇನ್ ಹತ್ತೋವಾಗ ಅತ್ತಿದ್ದು ಇವರ ಮುಂದೆ. ಮಗಳು ಹುಟ್ಟಿದಾಗ ಮೊದಲು ಹೇಳಿದ್ದು ಇವರಿಗೆ. ಇವರೇನು ನಾನು ನಿಮ್ಮಪ್ಪ ಅಂತ ಬಂದು ಹೇಳಿದ್ರಾ? ಕರ್ಕೊಂಡು ಬಂದೋನು ನಾನು."

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ನನ್ನನ್ನು ಕರೆಸಿದರು. ಪುರೋಹಿತರು ಎಡಿಸನ್ ಊರಿನಿಂದ ವಿಡಿಯೋದಲ್ಲಿ ಮಂತ್ರ ಹೇಳಿಸುವವರು, ಅದನ್ನು ಜೋಡಿಸಿಕೊಡಬೇಕಿತ್ತು. ಬೆಳಗಿನ ಬಿಸಿಲಿನಲ್ಲಿ ಹಿತ್ತಿಲ ಮರದ ಡೆಕ್ಕಿನ ಮೇಲೆ ಮಣೆ ಹಾಕಿ, ಎಳ್ಳು, ದರ್ಭೆ, ತಾಮ್ರದ ಚೊಂಬು ಇಟ್ಟುಕೊಂಡು ಅಂಕಲ್ ಕೂತಿದ್ದರು. ಫೋಟೋ ಯಾವುದನ್ನೂ ತಂದಿರಲಿಲ್ಲ. ತಂದೆಯ ಗೋತ್ರ, ಹೆಸರು ಹೇಳಿ ನೀರು ಬಿಟ್ಟರು, ತಾಯಿಗೆ ಬಿಟ್ಟರು, ದೊಡ್ಡಮ್ಮನಿಗೆ ಬಿಟ್ಟರು. ಪುರೋಹಿತರು ಮುಗಿಸುವ ಹೊತ್ತಿಗೆ, "ಇನ್ನೊಬ್ಬರಿದ್ದಾರೆ ಸ್ವಾಮಿ" ಎಂದರು.

"ಹೇಳಿ. ಗೋತ್ರ?"

"ಗೊತ್ತಿಲ್ಲ."

"ಹೆಸರು?"

"ಅದೂ ಗೊತ್ತಿಲ್ಲ. ಯಾವ ಜಾತಿಯೋ, ಯಾವ ಧರ್ಮದವರೋ, ಅದೂ ಗೊತ್ತಿಲ್ಲ."

ಪುರೋಹಿತರು ಪರದೆಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದರು. "ತೊಂದರೆ ಇಲ್ಲ, ಗುರುತಿಲ್ಲದವರಿಗೂ ಶಾಸ್ತ್ರದಲ್ಲಿ ಜಾಗ ಇದೆ. ನಿಮಗೆ ಏನಾಗಬೇಕು ಅವರು? ಸಂಬಂಧ ಹೇಳಿ."

ಅಂಕಲ್ ಬೊಗಸೆಯಲ್ಲಿ ಎಳ್ಳುನೀರು ಹಿಡಿದುಕೊಂಡೇ ಇದ್ದರು. ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಂಶಯವಿದ್ದರೆ ಗೊತ್ತಿಲ್ಲ ಎನ್ನುವ ಮನುಷ್ಯ. ಅವರು ಏನೆನ್ನುತ್ತಾರೋ ಎಂದು ನಾನು ಆಂಟಿಯ ಕೈ ಹಿಡಿದುಕೊಂಡೆ.

"ತಂದೆ" ಎಂದರು ಅಂಕಲ್, ನೀರು ಬಿಟ್ಟರು.